ನಷ್ಟದ ಕಲಮು ಎಲ್ಲಿದೆ? ಏಷ್ಯಾದ ಆರ್ಥಿಕ ಒಪ್ಪಂದಗಳ ಒಳಪುಟಗಳು

ಎಲ್ಲರಿಗೂ ನಮಸ್ಕಾರ. ಏಷ್ಯಾದ ಪ್ರಾದೇಶಿಕ ಸಹಕಾರ ಎಂದೊಡನೆ ಕಣ್ಣಿಗೆ ಬರುವುದು ಶೃಂಗಸಭೆ, ಸಾಲಾಗಿ ನಿಂತು ಕೈ ಬೀಸುವ ನಾಯಕರು, ಕೊನೆಗೊಂದು ಉದ್ದನೆಯ ಜಂಟಿ ಹೇಳಿಕೆ. ಇವತ್ತು ಅದನ್ನೆಲ್ಲ ಬದಿಗಿಟ್ಟು ಒಪ್ಪಂದಗಳ ಹಿಂಬದಿಯ ಪುಟಗಳನ್ನು, ಅನುಬಂಧಗಳನ್ನು ನೋಡೋಣ. ಲಾಭವನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದನ್ನು ಎಲ್ಲ ಒಪ್ಪಂದಗಳೂ ಬರೆದುಕೊಳ್ಳುತ್ತವೆ. ಮಳೆ ಹೆಚ್ಚಾದ ವರ್ಷ, ಬೆಲೆ ಬಿದ್ದ ವರ್ಷ, ಡಾಲರ್ ಸಿಗದ ವರ್ಷ ನಷ್ಟ ಯಾರ ತಲೆಗೆ ಎಂಬುದನ್ನು ಬರೆದುಕೊಂಡವು ಕಡಿಮೆ. ಬರೆಯದೆ ಬಿಟ್ಟ ನಷ್ಟ ಎಲ್ಲಿಗೆ ಹೋಗುತ್ತದೆ ಅಂದರೆ, ಒಪ್ಪಂದದ ಮೇಜಿನಲ್ಲಿ ಕುರ್ಚಿಯೇ ಇಲ್ಲದವರ ಮನೆಗೆ: ನದಿಯ ಕೆಳದಂಡೆಯ ರೈತ, ಮೀನುಗಾರ, ಹೊಲಿಗೆ ಕಾರ್ಖಾನೆಯ ಕೆಲಸಗಾರ್ತಿ. ನ್ಯಾಯಯುತ ಅಭಿವೃದ್ಧಿ ಎಂಬ ದೊಡ್ಡ ಮಾತಿನ ಕೀಲು ಇರುವುದು ಈ ಒಂದು ಕಲಮಿನಲ್ಲಿ ಎಂದು ನಮ್ಮ ವಾದ.

ಚಿಕ್ಕದೊಂದು ಒಪ್ಪಂದದಿಂದ ಶುರು ಮಾಡೋಣ. 2024ರ ಅಕ್ಟೋಬರ್ 3ರಂದು ಕಠ್ಮಂಡುವಿನಲ್ಲಿ ಮೂರು ಸಂಸ್ಥೆಗಳು ಸಹಿ ಹಾಕಿದವು: ನೇಪಾಳ ವಿದ್ಯುತ್ ಪ್ರಾಧಿಕಾರ, ಬಾಂಗ್ಲಾದೇಶ ವಿದ್ಯುತ್ ಅಭಿವೃದ್ಧಿ ಮಂಡಳಿ, ಭಾರತದ ಎನ್‌ಟಿಪಿಸಿ ವಿದ್ಯುತ್ ವ್ಯಾಪಾರ ನಿಗಮ. ವಿಷಯ ಬರೀ 40 ಮೆಗಾವ್ಯಾಟ್. ಇಷ್ಟಕ್ಕೆ ಇಷ್ಟೆಲ್ಲ ಸಂಭ್ರಮವೇ ಎಂದು ನಕ್ಕವರಿದ್ದಾರೆ. ಆದರೆ ಒಳಗೆ ಏನು ಬರೆದಿದೆ ನೋಡಿ. ನೇಪಾಳದ ಜಲವಿದ್ಯುತ್ ಕೇಂದ್ರಗಳಲ್ಲಿ ಬಹುಪಾಲು ದೊಡ್ಡ ಜಲಾಶಯವಿಲ್ಲದೆ ನದಿಯ ಹರಿವನ್ನೇ ನಂಬಿಕೊಂಡವು. ಮಳೆಗಾಲದಲ್ಲಿ ಮಿಗುತ್ತದೆ, ಚಳಿಗಾಲದಲ್ಲಿ ಭಾರತದಿಂದ ಕೊಳ್ಳಬೇಕಾಗುತ್ತದೆ. ಬಾಂಗ್ಲಾದೇಶದ ಬೇಡಿಕೆ ಬೇಸಿಗೆ, ಮಳೆಗಾಲದಲ್ಲಿ ಏರಿ ಚಳಿಗಾಲದಲ್ಲಿ ಇಳಿಯುತ್ತದೆ. ಹಾಗಾಗಿ ಮಾರಾಟದ ಅವಧಿ ವರ್ಷವಿಡೀ ಅಲ್ಲ, ಜೂನ್ 15ರಿಂದ ನವೆಂಬರ್ 15ರವರೆಗೆ ಮಾತ್ರ. ಹೀಗೆ ಐದು ವರ್ಷ. ಬೆಲೆ ಯೂನಿಟ್‌ಗೆ 6.4 ಅಮೆರಿಕನ್ ಸೆಂಟ್. ಅಳೆಯುವ ಜಾಗ ಬಿಹಾರದ ಮುಜಫ್ಫರ್‌ಪುರ. ಧಲ್ಕೆಬರ್‌ನಿಂದ ಅಲ್ಲಿಯವರೆಗೆ 400 ಕಿಲೋವೋಲ್ಟ್ ಲೈನಿನಲ್ಲಿ ಸೋರಿಹೋಗುವ ವಿದ್ಯುತ್ತು ನೇಪಾಳದ ನಷ್ಟ. ಅಲ್ಲಿಂದಾಚೆ ಭಾರತದ ಜಾಲದ ಸಾಗಣೆ ಶುಲ್ಕ, ಮಧ್ಯವರ್ತಿಯ ಕಮಿಷನ್ ಎಲ್ಲ ಬಾಂಗ್ಲಾದೇಶದ ಖರ್ಚು.

ಮೀಟರ್ ಎಲ್ಲಿದೆ ಎನ್ನುವುದು ಎಂಜಿನಿಯರುಗಳ ಸಣ್ಣ ವಿವರದಂತೆ ಕಾಣುತ್ತದೆ. ಹಣಕಾಸಿನ ಮಟ್ಟಿಗೆ ಇಡೀ ಒಪ್ಪಂದ ನಿಂತಿರುವುದು ಅದರ ಮೇಲೆ. ಮೀಟರಿನ ಈಚೆಗಿನ ಅಪಾಯ ಮಾರುವವನದು, ಆಚೆಗಿನದು ಕೊಳ್ಳುವವನದು, ಗೆರೆ ಸ್ಪಷ್ಟ. ಐದು ತಿಂಗಳನ್ನು 150 ದಿನವೆಂದು ಹಿಡಿದರೆ 14.4 ಕೋಟಿ ಯೂನಿಟ್, ಅಂದರೆ ವರ್ಷಕ್ಕೆ 92 ಲಕ್ಷ ಡಾಲರ್ ವಹಿವಾಟು. ಸಣ್ಣ ಮೊತ್ತವೇ. ಆದರೆ ಎರಡು ದೇಶಗಳ ನಡುವಿನ ವಿದ್ಯುತ್ತು ಮೂರನೆಯ ದೇಶದ ತಂತಿಯಲ್ಲಿ ಹಾದು ಹೋಗಲು ಬೇಕಾದ ಬೆಲೆ, ಅವಧಿ, ಸೋರಿಕೆ, ಶುಲ್ಕಗಳ ಲೆಕ್ಕ ಇಲ್ಲಿ ಕಾಗದಕ್ಕೆ ಇಳಿದಿದೆ. ಒಂದು ಕೊರತೆಯನ್ನೂ ಹೇಳಿಬಿಡಬೇಕು. ಯಾವ ಕೇಂದ್ರದ ವಿದ್ಯುತ್ತು ಗಡಿ ದಾಟಬಹುದು ಎಂಬ ಅನುಮತಿ ದೆಹಲಿಯ ಕೈಯಲ್ಲಿದೆ. ಈ ಮಾರಾಟಕ್ಕೆ ಗೊತ್ತುಮಾಡಿದ್ದು ತ್ರಿಶೂಲಿ ಮತ್ತು ಚಿಲಿಮೆ ಕೇಂದ್ರಗಳನ್ನು. ಚೀನಾದ ಹೂಡಿಕೆ ಇರುವ ಕೇಂದ್ರಗಳ ವಿದ್ಯುತ್ತನ್ನು ಭಾರತ ತೆಗೆದುಕೊಳ್ಳುವುದಿಲ್ಲ. ನಡುವೆ ಇರುವ ದೊಡ್ಡ ದೇಶದ ಇಷ್ಟಾನಿಷ್ಟ ಸಣ್ಣ ದೇಶದ ಬಂಡವಾಳದ ಆಯ್ಕೆಯನ್ನು ಹೀಗೆ ಕಟ್ಟಿಹಾಕುತ್ತದೆ.

ಈಗ ಇದಕ್ಕೆ ವಿರುದ್ಧದ ಉದಾಹರಣೆ, ಮಧ್ಯ ಏಷ್ಯಾದ್ದು. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇವೆ. ಎಲ್ಲರಿಗೂ ಒಳ್ಳೆಯ ಉದ್ದೇಶವಿದ್ದೂ ಒಪ್ಪಂದ ಹೇಗೆ ಕುಸಿಯುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ.

ಕಿರ್ಗಿಸ್ತಾನದ ನಾರಿನ್ ನದಿ ಸಿರ್ ದರಿಯಾದ ಮೇಲ್ಭಾಗ. ಅದರ ಮೇಲೆ 1970ರ ದಶಕದಲ್ಲಿ ಕಟ್ಟಿದ ತೊಕ್ತೊಗುಲ್ ಜಲಾಶಯ 1,950 ಕೋಟಿ ಘನ ಮೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ಅಡಿಯ 550 ಕೋಟಿ ಘನ ಮೀಟರ್ ಬಳಸಲು ಬಾರದ ತಳಸಂಗ್ರಹ. ಅಣೆಕಟ್ಟಿನ ವಿದ್ಯುತ್ ಕೇಂದ್ರದ ಮೂಲ ಸಾಮರ್ಥ್ಯ 1,200 ಮೆಗಾವ್ಯಾಟ್. ಸೋವಿಯತ್ ಕಾಲದ ಏರ್ಪಾಟು ಸರಳ. ಕಿರ್ಗಿಸ್ತಾನ ಬೇಸಿಗೆಯಲ್ಲಿ ನೀರು ಬಿಡಬೇಕು, ಕೆಳಗಿನ ಉಜ್ಬೇಕಿಸ್ತಾನ, ಕಜಾಕಿಸ್ತಾನಗಳ ಹತ್ತಿ ಹೊಲಗಳಿಗೆ ಅದು ಹರಿಯಬೇಕು. ಚಳಿಗಾಲದಲ್ಲಿ ಗೇಟು ಮುಚ್ಚಿ ನೀರು ತುಂಬಿಸಿಕೊಳ್ಳಬೇಕು. ಆ ತಿಂಗಳುಗಳಲ್ಲಿ ಮನೆ ಬೆಚ್ಚಗಿಡಲು ಬೇಕಾದ ಕಲ್ಲಿದ್ದಲು, ಗ್ಯಾಸ್, ತೈಲ ಕೆಳಗಿನವರಿಂದ ಬರಬೇಕು. ಲೆಕ್ಕ ಮಾಸ್ಕೋದಲ್ಲಿ ಮುಗಿಯುತ್ತಿತ್ತು. 1991ರ ನಂತರ ಅದೇ ನೀರು, ಅದೇ ಕಲ್ಲಿದ್ದಲು ಬೇರೆ ಬೇರೆ ದೇಶಗಳ ಸೊತ್ತಾದವು. ಇಂಧನಕ್ಕೆ ಮಾರುಕಟ್ಟೆ ಬೆಲೆ ಬಂತು, ನೀರಿಗೆ ಬರಲಿಲ್ಲ.

1998ರ ಮಾರ್ಚ್ 17ರಂದು ಬಿಷ್ಕೆಕ್‌ನಲ್ಲಿ ಹಳೆಯ ಏರ್ಪಾಟನ್ನೇ ಒಪ್ಪಂದವಾಗಿ ಬರೆದರು. ಬೇಸಿಗೆಯಲ್ಲಿ ನೀರು ಬಿಟ್ಟಾಗ ಹುಟ್ಟುವ ಹೆಚ್ಚುವರಿ ವಿದ್ಯುತ್ತನ್ನು, ವರ್ಷಕ್ಕೆ ಸುಮಾರು 220 ಕೋಟಿ ಯೂನಿಟ್, ಕೆಳಗಿನ ಎರಡು ದೇಶಗಳು ಕೊಳ್ಳಬೇಕು. ಬದಲಿಗೆ ಇಂಧನ ಕೊಡಬೇಕು. ಓದಲು ಚೆನ್ನಾಗಿದೆ. ಎಲ್ಲಿ ತಪ್ಪಿತು ನೋಡಿ. ಮಳೆ, ಹಿಮ ಚೆನ್ನಾಗಿ ಬಿದ್ದ ವರ್ಷ ಕೆಳಗಿನವರಿಗೆ ತೊಕ್ತೊಗುಲ್ ನೀರು ಅಷ್ಟಾಗಿ ಬೇಡ. ನೀರು ಬೇಡವಾದರೆ ಬೇಸಿಗೆಯ ವಿದ್ಯುತ್ತೂ ಬೇಡ, ಅದನ್ನು ಕೊಳ್ಳದಿದ್ದರೆ ಇಂಧನವೂ ಇಲ್ಲ. ಆದರೆ ಬಿಷ್ಕೆಕ್‌ನ ಚಳಿ ಆ ವರ್ಷವೂ ಅಷ್ಟೇ. ಇಂಧನ ಬರದ ಕಿರ್ಗಿಸ್ತಾನ ಚಳಿಗಾಲದಲ್ಲೇ ಗೇಟು ತೆರೆಯಿತು. ಚಳಿಯಲ್ಲಿ ಹೆಪ್ಪುಗಟ್ಟಿ ಕಿರಿದಾದ ನದಿಪಾತ್ರ ಅಷ್ಟು ನೀರನ್ನು ಹೊರಲಾರದೆ ಕಜಾಕಿಸ್ತಾನದ ಚರ್ದರಾ ಜಲಾಶಯ ತುಂಬಿ, ಉಳಿದ ನೀರನ್ನು ಉಜ್ಬೇಕಿಸ್ತಾನದ ಅರ್ನಸಾಯ್ ತಗ್ಗಿಗೆ ಬಿಡಬೇಕಾಯಿತು. ಅಲ್ಲಿ ಸೇರಿದ ನೀರು ಹೊಲಕ್ಕೂ ಬಾರದು, ಅರಾಲ್ ಸಮುದ್ರಕ್ಕೂ ಸೇರದು. ಮುಂದಿನ ಬರಗಾಲದ ಬೇಸಿಗೆಗೆ ಜಲಾಶಯದಲ್ಲಿ ನೀರಿಲ್ಲ. ಪ್ರತಿ ವರ್ಷದ ಲೆಕ್ಕವನ್ನು ಆಯಾ ವರ್ಷವೇ ಕೂತು ಮಾತಾಡಿ ತೀರ್ಮಾನಿಸಬೇಕಿತ್ತು. ಎಷ್ಟೋ ಸಲ ಹೊಲಕ್ಕೆ ನೀರು ಹಾಯಿಸುವ ಕಾಲ ಶುರುವಾದ ಮೇಲೆ ಸಹಿ ಬೀಳುತ್ತಿತ್ತು.

ಒಪ್ಪಂದದ ದೋಷ ಒಂದೇ ವಾಕ್ಯದ್ದು. ಹಣ ಕೊಡಬೇಕಾದ್ದು ವಿದ್ಯುತ್ತಿಗೆ ಎಂದು ಬರೆದರು, ನೀರು ಕೂಡಿಟ್ಟ ಸೇವೆಗೆ ಎಂದು ಬರೆಯಲಿಲ್ಲ. ವಿಶ್ವಬ್ಯಾಂಕ್ 2004ರಲ್ಲಿ ಸೂಚಿಸಿದ್ದೂ ಇದನ್ನೇ: ಮಳೆ ಹೆಚ್ಚಲಿ ಕಡಿಮೆಯಾಗಲಿ, ನೀರನ್ನು ಸಂಗ್ರಹಿಸಿಡುವುದಕ್ಕೆ ಕೆಳದಂಡೆಯ ದೇಶಗಳು ನೇರವಾಗಿ ಶುಲ್ಕ ಕೊಡಲಿ. ಒಳ್ಳೆಯ ವರ್ಷದಲ್ಲಿ ಕೊಡುವ ಹಣ ಕೆಟ್ಟ ವರ್ಷದ ವಿಮೆ. ಆದರೆ ನೀರಿಗೆ ಬೆಲೆ ಕಟ್ಟಿದಂತಾಗುತ್ತದೆ ಎಂದು ಕೆಳಗಿನವರಿಗೆ ಇದು ರುಚಿಸಲಿಲ್ಲ. 2007–08ರ ಕಡುಚಳಿಯಲ್ಲಿ ತೊಕ್ತೊಗುಲ್ ತೀರಾ ಕೆಳಕ್ಕಿಳಿದು, ಆ ಬಳಿಕ ಕಿರ್ಗಿಸ್ತಾನದಲ್ಲಿ ಸರದಿಯಂತೆ ವಿದ್ಯುತ್ ಕಡಿತ ನಡೆಯಿತು. ಕಜಾಕಿಸ್ತಾನ ಚಳಿಗಾಲದ ಪ್ರವಾಹ ತಡೆಯಲು ಕೊಕ್ಸರಾಯ್‌ನಲ್ಲಿ 300 ಕೋಟಿ ಘನ ಮೀಟರಿನ ಇನ್ನೊಂದು ಜಲಾಶಯವನ್ನೇ ಕಟ್ಟಿಕೊಂಡಿತು. 2009ರ ಕೊನೆಯಲ್ಲಿ ಉಜ್ಬೇಕಿಸ್ತಾನ ಪ್ರಾದೇಶಿಕ ವಿದ್ಯುತ್ ಜಾಲದಿಂದಲೇ ಹೊರನಡೆಯಿತು. ಒಂದು ಶುಲ್ಕ ತಪ್ಪಿಸಲು ಹೋಗಿ ಮೂರೂ ದೇಶಗಳು ಎಷ್ಟು ತೆತ್ತವು ಎಂದು ನೀವೇ ಅಂದಾಜು ಮಾಡಿ.

ಮೆಕಾಂಗ್ ನದಿಯದು ಬೇರೆ ಬಗೆಯ ಕೊರತೆ. 1995ರ ಏಪ್ರಿಲ್ 5ರ ಒಪ್ಪಂದದಿಂದ ಹುಟ್ಟಿದ ಮೆಕಾಂಗ್ ನದಿ ಆಯೋಗದಲ್ಲಿ ಲಾವೋಸ್, ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಂ ಸದಸ್ಯರು. ನದಿ ಹುಟ್ಟುವ ಚೀನಾ ಮತ್ತು ನಡುವಿನ ಮ್ಯಾನ್ಮಾರ್ ಸಂವಾದದ ಪಾಲುದಾರರು ಮಾತ್ರ. ಮುಖ್ಯ ನದಿಗೆ ಅಡ್ಡಲಾಗಿ ಅಣೆಕಟ್ಟು ಕಟ್ಟುವ ಮುನ್ನ ಆರು ತಿಂಗಳ ಪೂರ್ವ ಸಮಾಲೋಚನೆ ನಡೆಯಬೇಕು. ಸಮಾಲೋಚನೆಯಲ್ಲಿ ಯಾರಿಗೂ ತಡೆಯುವ ಅಧಿಕಾರವಿಲ್ಲ. ಒಮ್ಮತ ಬರದಿದ್ದರೆ ಮುಂದೇನು ಎಂಬುದೂ ಗಟ್ಟಿಯಾಗಿಲ್ಲ. ಇದರ ಮೊದಲ ಪರೀಕ್ಷೆ ಲಾವೋಸ್‌ನ 1,285 ಮೆಗಾವ್ಯಾಟಿನ ಸಾಯಾಬುರಿ ಅಣೆಕಟ್ಟು. ಕೆಳಗಿನ ದೇಶಗಳ ಆಕ್ಷೇಪ ಉಳಿದಿರುವಾಗಲೇ ಕೆಲಸ ಮುಂದುವರಿಯಿತು, 2019ರ ಅಕ್ಟೋಬರಿನಲ್ಲಿ ಅಣೆಕಟ್ಟು ಪೂರ್ತಿ ಚಾಲೂ ಆಯಿತು.

ಅಲ್ಲಿನ ಹಣದ ದಾರಿ ಹಿಡಿದು ಹೋದರೆ ಚಿತ್ರ ತಿಳಿಯಾಗುತ್ತದೆ. ಸಾಲ ಕೊಟ್ಟದ್ದು ಥಾಯ್ ಬ್ಯಾಂಕುಗಳು, ವಿದ್ಯುತ್ತಿನ ಸಿಂಹಪಾಲು ಕೊಳ್ಳುವುದು ಥಾಯ್ಲೆಂಡಿನ ಸರ್ಕಾರಿ ಕಂಪನಿ. ಆದಾಯ ಲಾವೋಸ್‌ಗೆ, ವಿದ್ಯುತ್ತು ಥಾಯ್ಲೆಂಡಿಗೆ. ಕೆಳಕ್ಕೆ ಹೋಗದೆ ನಿಂತ ಹೂಳು ಯಾರ ಲೆಕ್ಕ? ವಿಯೆಟ್ನಾಮಿನ ಮುಖಜಭೂಮಿ ನಿಂತಿರುವುದೇ ನದಿ ತರುವ ಹೂಳಿನ ಮೇಲೆ. ಅದು ಕಡಿಮೆಯಾದರೆ ದಂಡೆ ಕುಸಿಯುತ್ತದೆ, ಉಪ್ಪುನೀರು ಭತ್ತದ ಗದ್ದೆಯೊಳಕ್ಕೆ ಬರುತ್ತದೆ. (ಅಣೆಕಟ್ಟುಗಳೊಂದೇ ಕಾರಣವಲ್ಲ, ಅಲ್ಲಿನ ಮರಳು ಗಣಿಗಾರಿಕೆ, ಅಂತರ್ಜಲ ಎತ್ತುವಿಕೆಯೂ ದೂಷಿಗಳೇ.) ಕಾಂಬೋಡಿಯಾದ ತೊನ್ಲೆ ಸಾಪ್ ಸರೋವರಕ್ಕೆ ಮಳೆಗಾಲದಲ್ಲಿ ಮೆಕಾಂಗ್ ನೀರು ಹಿಮ್ಮುಖವಾಗಿ ನುಗ್ಗುತ್ತದೆ, ಆ ಏರಿಳಿತವೇ ಅಲ್ಲಿನ ಮೀನಿನ ಜೀವ. ವಿದ್ಯುತ್ ಖರೀದಿ ಒಪ್ಪಂದದಲ್ಲಿ ಯೂನಿಟ್‌ಗೆ ದರ ಇದೆ, ತಡವಾದರೆ ದಂಡ ಇದೆ. ಹೂಳಿಗೂ ಮೀನಿಗೂ ಕಲಮಿಲ್ಲ, ಏಕೆಂದರೆ ಅದಕ್ಕೆ ಸಹಿ ಹಾಕಿದ ಇಬ್ಬರಿಗೂ ಅವು ಖರ್ಚಲ್ಲ. ಸಮಾಲೋಚನೆಯಿಂದ ಏನೂ ಆಗಲಿಲ್ಲ ಎನ್ನುವುದು ಪೂರ್ತಿ ಸರಿಯಲ್ಲ. ವಿನ್ಯಾಸ ಬದಲಾಯಿತು, ಮೀನು ದಾಟುವ ಮಾರ್ಗಗಳೂ ಹೂಳು ಹೊರಬಿಡುವ ತಳಗೇಟುಗಳೂ ಸೇರಿದವು. ಅವು ಕೆಲಸ ಮಾಡದಿದ್ದರೆ ಪರಿಹಾರ ಯಾರು ಕೊಡಬೇಕು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ನದಿಯಿಂದ ವ್ಯಾಪಾರಕ್ಕೆ ಬರೋಣ. ಮುಕ್ತ ವ್ಯಾಪಾರ ಒಪ್ಪಂದ ಅಂದರೆ ಸುಂಕ ಸೊನ್ನೆ ಎಂದು ಪತ್ರಿಕೆಗಳು ಬರೆಯುತ್ತವೆ. ಸೊನ್ನೆ ಸುಂಕ ಸಿಗುವುದು ಆ ಸರಕು ನಿಜಕ್ಕೂ ಸದಸ್ಯ ದೇಶದ್ದು ಎಂದು ತೋರಿಸಿದ ಮೇಲೆ. ತೋರಿಸುವ ವಿಧಾನಕ್ಕೆ ಮೂಲದ ನಿಯಮಗಳು ಎನ್ನುತ್ತಾರೆ. 2022ರ ಜನವರಿ 1ರಂದು ಜಾರಿಗೆ ಬಂದ, 15 ದೇಶಗಳು ಸಹಿ ಹಾಕಿದ ಏಷ್ಯಾ–ಪೆಸಿಫಿಕ್ ವ್ಯಾಪಾರ ಒಪ್ಪಂದ ಆರ್‌ಸಿಇಪಿಯಲ್ಲಿ ಹಲವು ಸರಕುಗಳಿಗೆ ಬೆಲೆಯ ಶೇ 40 ಭಾಗ ಸದಸ್ಯ ದೇಶಗಳಲ್ಲೇ ಹುಟ್ಟಿರಬೇಕು. 100 ಡಾಲರಿನ ಒಂದು ಯಂತ್ರ ಎಂದುಕೊಳ್ಳಿ. ಅದರಲ್ಲಿ 70 ಡಾಲರ್ ಬಿಡಿಭಾಗ ಹೊರಗಿನಿಂದ ಬಂದಿದೆ. ಉಳಿದದ್ದು 30, ಆದ್ದರಿಂದ ಅರ್ಹತೆ ಇಲ್ಲ. ಆ 70ರಲ್ಲಿ 25 ಡಾಲರಿನ ಭಾಗ ಇನ್ನೊಂದು ಸದಸ್ಯ ದೇಶದ್ದೇ ಆಗಿದ್ದರೆ ಅದನ್ನೂ ಕೂಡಿಸಬಹುದು, ಆಗ 55 ಆಗುತ್ತದೆ, ಅರ್ಹತೆ ಬರುತ್ತದೆ. ಈ ಕೂಡಿಸುವ ಅವಕಾಶವೇ ಪ್ರಾದೇಶಿಕ ಒಪ್ಪಂದದ ತಿರುಳು. ದೇಶ ದೇಶಗಳ ನಡುವಿನ ಹತ್ತು ಬಿಡಿ ಒಪ್ಪಂದಗಳಿದ್ದರೆ ಹೀಗೆ ಕೂಡಿಸಲಾಗದು, ಹತ್ತು ಬೇರೆ ಬೇರೆ ಪ್ರಮಾಣಪತ್ರ ಮಾಡಿಸಬೇಕು. ಸಾಮಾನ್ಯ ಸುಂಕವೇ ಶೇ 3 ಇದ್ದು, ಕಾಗದಪತ್ರದ ಖರ್ಚು ಸರಕಿನ ಬೆಲೆಯ ಶೇ 2 ಆದರೆ ಉಳಿಯುವ ಶೇ 1ಕ್ಕಾಗಿ ಸಣ್ಣ ರಫ್ತುದಾರ ರಿಯಾಯಿತಿಯನ್ನೇ ಕೇಳುವುದಿಲ್ಲ, ಸುಂಕ ಕಟ್ಟಿ ಸುಮ್ಮನಾಗುತ್ತಾನೆ. ಒಪ್ಪಂದದ ಲಾಭ ದೊಡ್ಡ ಕಂಪನಿಗಳಿಗೇ ಹೋಗುತ್ತದೆ ಎಂಬ ದೂರಿನ ಅರ್ಧ ಕಾರಣ ಇದು.

ನಿಯಮ ಸಡಿಲವಾದರೆ ಏನಾಗುತ್ತದೆ ಎನ್ನುವುದಕ್ಕೆ ಭಾರತ–ಶ್ರೀಲಂಕಾ ಒಪ್ಪಂದದ ವನಸ್ಪತಿ ಪ್ರಕರಣ ಸಾಕು. 2000ದ ಮಾರ್ಚಿನಲ್ಲಿ ಜಾರಿಗೆ ಬಂದ ಆ ಒಪ್ಪಂದದಲ್ಲಿ ಶೇ 35 ಮೌಲ್ಯವರ್ಧನೆ ಸಾಕಿತ್ತು. ಆಗ ಭಾರತದಲ್ಲಿ ತಾಳೆ ಎಣ್ಣೆಗೆ ಭಾರಿ ಸುಂಕ. ಆಗ್ನೇಯ ಏಷ್ಯಾದ ತಾಳೆ ಎಣ್ಣೆಯನ್ನು ಶ್ರೀಲಂಕಾಕ್ಕೆ ತಂದು, ಅಲ್ಲಿ ವನಸ್ಪತಿ ಮಾಡಿ, ಸುಂಕವಿಲ್ಲದೆ ಭಾರತಕ್ಕೆ ಕಳಿಸುವ ಕಾರ್ಖಾನೆಗಳು ಎದ್ದವು. ಭಾರತೀಯ ಬಂಡವಾಳವೂ ಅದರಲ್ಲಿತ್ತು. ಭಾರತದ ತಯಾರಕರು ಗಲಾಟೆ ಎಬ್ಬಿಸಿದರು, ಆಮದಿನ ಪ್ರಮಾಣಕ್ಕೆ ಮಿತಿ ಬಂತು. ಆಮೇಲೆ 2008ರಲ್ಲಿ ಕಚ್ಚಾ ತಾಳೆ ಎಣ್ಣೆಯ ಸುಂಕವನ್ನು ಭಾರತವೇ ಸೊನ್ನೆಗೆ ಇಳಿಸಿತು. ಸುಂಕದ ಅಂತರ ಹೋಯಿತು, ಆ ಅಂತರದ ಮೇಲಷ್ಟೇ ನಿಂತಿದ್ದ ಉದ್ಯಮವೂ ಹೋಯಿತು. ಇಲ್ಲಿ ವಂಚನೆ ಹುಡುಕುವ ಅಗತ್ಯವಿಲ್ಲ. ಒಂದು ದೇಶದ ಬಜೆಟ್ ತೀರ್ಮಾನ ಇನ್ನೊಂದು ದೇಶದ ಕಾರ್ಖಾನೆಯನ್ನು ಮುಚ್ಚಿಸಬಹುದು ಎಂದಾದರೆ, ಇಂತಿಷ್ಟು ತಿಂಗಳ ಮುನ್ಸೂಚನೆ, ಹಂತ ಹಂತದ ಇಳಿಕೆ ಎಂಬ ಕಲಮು ಬೇಕಿತ್ತು. ಇರಲಿಲ್ಲ.

ದಕ್ಷಿಣ ಏಷ್ಯಾದ ಮುಕ್ತ ವ್ಯಾಪಾರ ಒಪ್ಪಂದ ಸಾಫ್ಟಾ ಬಗ್ಗೆ ಹೆಚ್ಚು ಹೇಳುವುದಿಲ್ಲ. 2004ರಲ್ಲಿ ಸಹಿಯಾಗಿ 2006ರಲ್ಲಿ ಜಾರಿಗೆ ಬಂದರೂ ಈ ವಲಯದ ಒಳವ್ಯಾಪಾರ ಒಟ್ಟು ವ್ಯಾಪಾರದ ಶೇ 5ರ ಆಸುಪಾಸಿನಲ್ಲೇ ಇದೆ. ಸಾರ್ಕ್ ಶೃಂಗಸಭೆ 2014ರ ಕಠ್ಮಂಡುವಿನ ನಂತರ ನಡೆದೇ ಇಲ್ಲ.

ಅದರ ಬದಲು ಲಾರಿಗಳ ವಿಷಯ ನೋಡೋಣ. 2015ರ ಜೂನ್ 15ರಂದು ತಿಂಫುವಿನಲ್ಲಿ ಬಾಂಗ್ಲಾದೇಶ, ಭೂತಾನ್, ಭಾರತ, ನೇಪಾಳ ವಾಹನ ಸಂಚಾರ ಒಪ್ಪಂದಕ್ಕೆ ಸಹಿ ಹಾಕಿದವು. ಗಡಿಯಲ್ಲಿ ಒಂದು ಲಾರಿಯಿಂದ ಇಳಿಸಿ ಇನ್ನೊಂದಕ್ಕೆ ತುಂಬುವ ಕೆಲಸ ತಪ್ಪಬೇಕೆಂಬುದು ಉದ್ದೇಶ. ಭಾರತ–ಬಾಂಗ್ಲಾದೇಶ ನಡುವಿನ ಪೆಟ್ರಾಪೋಲ್–ಬೆನಾಪೋಲ್ ಗಡಿಯಲ್ಲಿ ಲಾರಿಗಳು ನಿಂತು ಕಾಯುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಭೂತಾನಿನ ಕೆಳಮನೆ ಒಪ್ಪಿತು, ಮೇಲ್ಮನೆ 2016ರಲ್ಲಿ ತಿರಸ್ಕರಿಸಿತು. 2017ರಲ್ಲಿ, ನೀವು ಮೂವರು ಮುಂದುವರಿಯಿರಿ ಎಂದು ಭೂತಾನ್ ಹೇಳಿತು. ಸಣ್ಣ ದೇಶದ ಹಠ ಎಂದು ಹಲವರು ಬರೆದರು. ಲೆಕ್ಕ ಹಾಕಿದರೆ ಅಷ್ಟು ಸರಳವಲ್ಲ. ರಸ್ತೆ ಸವೆಯುವುದು ಆ್ಯಕ್ಸಲ್ ಭಾರದ ಹೆಚ್ಚುಕಡಿಮೆ ನಾಲ್ಕನೆಯ ಘಾತದಂತೆ ಎಂಬುದು ರಸ್ತೆ ಎಂಜಿನಿಯರುಗಳು ದಶಕಗಳಿಂದ ಬಳಸುತ್ತಿರುವ ಸೂತ್ರ. ಆ್ಯಕ್ಸಲ್ ಮೇಲೆ 10 ಟನ್ ಬದಲು 13 ಟನ್ ಹೇರಿದರೆ ಭಾರ ಹೆಚ್ಚುವುದು ಶೇ 30. ಹಾನಿ ಸುಮಾರು 2.9 ಪಟ್ಟಾಗುತ್ತದೆ. ಗುಡ್ಡಗಾಡಿನ ಇಕ್ಕಟ್ಟಾದ ರಸ್ತೆಯಲ್ಲಿ ಆ ಹಾನಿಗೆ ಮಳೆಗಾಲದ ಕುಸಿತವೂ ಸೇರುತ್ತದೆ. ದೇಶದ ಶೇ 60 ಭಾಗ ಸದಾ ಕಾಡಾಗಿರಬೇಕೆಂದು ಸಂವಿಧಾನದಲ್ಲೇ ಬರೆದುಕೊಂಡ ದೇಶ ಅದು. ವಾಹನಗಳ ಸಂಖ್ಯೆಗೆ ಮಿತಿ, ಆ್ಯಕ್ಸಲ್ ಭಾರದ ಗಡಿ, ಭಾರಕ್ಕೆ ತಕ್ಕ ಶುಲ್ಕ, ಆ ಶುಲ್ಕ ನೇರ ರಸ್ತೆ ದುರಸ್ತಿಗೆ: ಇವಿಷ್ಟನ್ನು ಮೊದಲೇ ಬರೆದಿದ್ದರೆ ಮೇಲ್ಮನೆಯ ಮುಂದೆ ಇಡಲು ಸರ್ಕಾರಕ್ಕೊಂದು ಉತ್ತರ ಇರುತ್ತಿತ್ತು.

ಹಳಿಗಳ ಮಾತು ಬಂದರೆ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, ಮರೆಯಬಾರದು. ಹಿಂದಿನ ಸೋವಿಯತ್ ದೇಶಗಳಲ್ಲಿ 1,520 ಮಿಲಿಮೀಟರ್, ಚೀನಾದಲ್ಲಿ 1,435, ಭಾರತ ಉಪಖಂಡದಲ್ಲಿ ಬಹುಪಾಲು 1,676, ಆಗ್ನೇಯ ಏಷ್ಯಾದ ಮುಖ್ಯ ಭೂಭಾಗದಲ್ಲಿ ಬಹುಪಾಲು 1,000. ಏಷ್ಯಾ ದಾಟುವ ರೈಲು ಎಂದು ನಕ್ಷೆಯಲ್ಲಿ ಒಂದೇ ಗೆರೆ ಎಳೆಯಬಹುದು. ಗಡಿಯಲ್ಲಿ ಕ್ರೇನ್ ಬೇಕೇ ಬೇಕು. 2021ರ ಡಿಸೆಂಬರ್ 3ರಂದು ಶುರುವಾದ ಚೀನಾ–ಲಾವೋಸ್ ಮಾರ್ಗ ಲಾವೋಸ್ ಒಳಗೆ 414 ಕಿಲೋಮೀಟರ್, ವೆಚ್ಚ ಸುಮಾರು 600 ಕೋಟಿ ಡಾಲರ್. ವಿಯೆಂಟಿಯಾನ್ ಬಳಿ ಥಾಯ್ ಮೀಟರ್ ಗೇಜಿಗೆ ಕಂಟೇನರ್‌ಗಳನ್ನು ಎತ್ತಿಡಬೇಕು. ಮಾರ್ಗದ ಕಂಪನಿಯಲ್ಲಿ ಚೀನಾ ಕಡೆಯವರ ಪಾಲು ಶೇ 70, ಲಾವೋಸ್‌ನದು ಶೇ 30. ತನ್ನ ಪಾಲಿನ ಬಂಡವಾಳ ಹಾಕಲು ಲಾವೋಸ್ 48 ಕೋಟಿ ಡಾಲರನ್ನು ಚೀನಾದ ಎಕ್ಸಿಮ್ ಬ್ಯಾಂಕಿನಿಂದಲೇ ಸಾಲ ತಂದಿತು. ಸಾಮಾನು ಸಾಗಣೆ ಚೆನ್ನಾಗಿಯೇ ನಡೆಯುತ್ತಿದೆ, ಅದನ್ನು ಒಪ್ಪಬೇಕು. ಆದರೆ ಸರ್ಕಾರದ ಆದಾಯ ಕಿಪ್‌ನಲ್ಲಿ, ಸಾಲ ಡಾಲರಿನಲ್ಲಿ. 2022ರಲ್ಲಿ ಕಿಪ್ ಬಿದ್ದಾಗ ರೈಲು ಒಂದು ಟನ್ ಕಡಿಮೆ ಸಾಗಿಸದಿದ್ದರೂ ಸಾಲದ ಹೊರೆ ಏರಿತು. ಸರಕು ಬರದಿದ್ದರೆ ಯಾರ ನಷ್ಟ ಎಂದು ಎಲ್ಲರೂ ಕೇಳುತ್ತಾರೆ, ನಾಣ್ಯ ಬಿದ್ದರೆ ಯಾರ ನಷ್ಟ ಎಂದು ಕೇಳುವವರು ಕಡಿಮೆ.

ನಾಣ್ಯದ ಮಾತಿಗೆ ಏಷ್ಯಾದಲ್ಲಿ ಒಂದು ದೊಡ್ಡ ಉತ್ತರ ಇದೆ, ಕಾಗದದ ಮೇಲೆ. 1997ರ ಜುಲೈ 2ರಂದು ಥಾಯ್ ಬಾಟ್ ಕುಸಿದು ಶುರುವಾದ ಬಿಕ್ಕಟ್ಟಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಷರತ್ತುಗಳು ಬಿಟ್ಟ ಕಹಿಯಿಂದ ಹುಟ್ಟಿದ್ದು 2000ದ ಚಿಯಾಂಗ್ ಮಾಯ್ ವ್ಯವಸ್ಥೆ, ಡಾಲರ್ ಅಭಾವ ಬಂದ ಸದಸ್ಯ ದೇಶಕ್ಕೆ ಉಳಿದವರು ನೆರವಾಗುವ ಏರ್ಪಾಟು. ಈಗ ಅದರ ಗಾತ್ರ 24,000 ಕೋಟಿ ಡಾಲರ್. ಹಾಂಗ್‌ಕಾಂಗ್ ಸೇರಿ ಚೀನಾ ಶೇ 32, ಜಪಾನ್ ಶೇ 32, ಕೊರಿಯಾ ಶೇ 16, ಆಗ್ನೇಯ ಏಷ್ಯಾದ ಆಸಿಯಾನ್ ಒಕ್ಕೂಟದ ದೇಶಗಳು ಶೇ 20. ಇದು ಒಂದೆಡೆ ಕೂಡಿಟ್ಟ ಹಣವಲ್ಲ, ಕೊಡುತ್ತೇವೆಂಬ ವಾಗ್ದಾನ. ಹಣ ಆಯಾ ದೇಶದ ಮೀಸಲಿನಲ್ಲೇ ಇರುತ್ತದೆ. ಥಾಯ್ಲೆಂಡ್ ಅಥವಾ ಇಂಡೋನೇಷ್ಯಾದಂಥ ದೇಶ ಹೆಚ್ಚೆಂದರೆ 2,276 ಕೋಟಿ ಡಾಲರ್ ಎತ್ತಬಹುದು. ಅದರಲ್ಲಿ ಹಣಕಾಸು ನಿಧಿಯ ಕಾರ್ಯಕ್ರಮ ಇಲ್ಲದೆ ಸಿಗುವುದು ಶೇ 40, ಅಂದರೆ ಸುಮಾರು 910 ಕೋಟಿ. 1997ರಲ್ಲಿ ಥಾಯ್ಲೆಂಡ್ ಒಂದಕ್ಕೇ ಹೊಂದಿಸಬೇಕಾಗಿ ಬಂದ ನೆರವು 1,720 ಕೋಟಿ ಡಾಲರ್. ಉಳಿದ ಶೇ 60ಕ್ಕೆ, ಯಾರಿಂದ ತಪ್ಪಿಸಿಕೊಳ್ಳಲು ಈ ವ್ಯವಸ್ಥೆ ಕಟ್ಟಿದರೋ ಅವರ ಬಾಗಿಲನ್ನೇ ತಟ್ಟಬೇಕು. ಹೀಗಾಗಿ ಯಾರೂ ಇದುವರೆಗೆ ಇದರಿಂದ ಹಣ ಎತ್ತಿಲ್ಲ. 2008ರಲ್ಲಿ ಡಾಲರ್ ಅಭಾವ ಬಂದಾಗ ಕೊರಿಯಾ ಅಮೆರಿಕದ ಫೆಡರಲ್ ರಿಸರ್ವ್‌ನಿಂದ 3,000 ಕೋಟಿ ಡಾಲರ್‌ವರೆಗಿನ ಸ್ವಾಪ್ (ತನ್ನ ನಾಣ್ಯ ಕೊಟ್ಟು ಡಾಲರ್ ಪಡೆದು ಮುಂದೆ ಮರಳಿ ಬದಲಿಸಿಕೊಳ್ಳುವ) ಸೌಲಭ್ಯ ಪಡೆಯಿತು.

ದಕ್ಷಿಣ ಏಷ್ಯಾದಲ್ಲಿ ಸದ್ದಿಲ್ಲದೆ ಕೆಲಸ ಮಾಡಿದ್ದು ಚಿಕ್ಕ ವ್ಯವಸ್ಥೆಗಳು. 1974ರಲ್ಲಿ ಸ್ಥಾಪನೆಯಾದ, ತೆಹರಾನ್‌ನಲ್ಲಿ ಕಚೇರಿ ಇರುವ ಏಷ್ಯನ್ ಕ್ಲಿಯರಿಂಗ್ ಯೂನಿಯನ್‌ನಲ್ಲಿ ಸದಸ್ಯ ದೇಶಗಳ ಕೇಂದ್ರ ಬ್ಯಾಂಕುಗಳು ಪರಸ್ಪರ ಬಾಕಿಯನ್ನು ಎರಡು ತಿಂಗಳಿಗೊಮ್ಮೆ ಕೂಡಿ ಕಳೆದು ಉಳಿಕೆಯನ್ನಷ್ಟೇ ಪಾವತಿಸುತ್ತವೆ. ಡಾಲರ್ ಉಳಿತಾಯ. ಕೊಡುಕೊಳ್ಳು ಹೆಚ್ಚುಕಡಿಮೆ ಸಮವಾಗಿದ್ದರೆ ಇದು ಸೊಗಸು. ಒಂದೇ ದೇಶ ಸದಾ ಸಾಲಗಾರನಾಗಿದ್ದರೆ ಕಳೆಯಲು ಏನೂ ಇರುವುದಿಲ್ಲ, ಎರಡು ತಿಂಗಳಿಗೊಮ್ಮೆ ಅದರ ಮೀಸಲಿನಿಂದ ದೊಡ್ಡ ಗಂಟೇ ಹೋಗುತ್ತದೆ. 2022ರಲ್ಲಿ ಶ್ರೀಲಂಕಾ ದಿವಾಳಿ ಅಂಚಿಗೆ ಬಂದಾಗ ಭಾರತ ಈ ಬಾಕಿಯನ್ನು ಮುಂದೂಡಿತು. ಸಾರ್ಕ್ ದೇಶಗಳಿಗಾಗಿ 2012ರಿಂದ ಇರುವ ರಿಸರ್ವ್ ಬ್ಯಾಂಕಿನ ಸ್ವಾಪ್ ಸೌಲಭ್ಯದಡಿ 40 ಕೋಟಿ ಡಾಲರ್ ಕೊಟ್ಟಿತು. ಒಳ್ಳೆಯದಾಯಿತು. ಆದರೆ ಬಾಕಿ ಮುಂದೂಡಿದ್ದು ನಿಯಮದ ಬಲದಿಂದಲ್ಲ, ಆ ಹೊತ್ತಿನ ರಾಜಕೀಯ ಸದಿಚ್ಛೆಯಿಂದ.

ನಷ್ಟದ ಕಲಮನ್ನು ನಿಜವಾಗಿ ಬರೆದ ಒಂದು ದಾಖಲೆ ಏಷ್ಯಾದಲ್ಲಿದೆ. ಅದನ್ನು ಬರೆದದ್ದು ಸರ್ಕಾರಗಳಲ್ಲ. 2013ರ ಏಪ್ರಿಲ್ 24ರಂದು ಢಾಕಾ ಬಳಿ ಹೊಲಿಗೆ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತ ಮೇಲೆ ಕಾರ್ಮಿಕ ಸಂಘಗಳು ಮತ್ತು ಉಡುಪು ಕಂಪನಿಗಳ ನಡುವೆ ಕಾರ್ಖಾನೆ ಕಟ್ಟಡಗಳ ಸುರಕ್ಷತೆಗಾಗಿ ಆದ ಅಕಾರ್ಡ್ (ಒಪ್ಪಂದ) ಅದು. ಸ್ವಯಂಪ್ರೇರಿತ ನೀತಿಸಂಹಿತೆಗಳ ಕಾಲ ಅಲ್ಲಿಗೆ ಸಾಕೆನಿಸಿತ್ತು. ಕಂಪನಿ ತಾನು ಕೊಳ್ಳುವ ಪ್ರಮಾಣಕ್ಕೆ ತಕ್ಕಂತೆ ವರ್ಷಕ್ಕೆ ಗರಿಷ್ಠ 5 ಲಕ್ಷ ಡಾಲರ್‌ವರೆಗೆ ತಪಾಸಣೆಯ ಖರ್ಚು ಕೊಡಬೇಕು. ದುರಸ್ತಿಗಾಗಿ ಕಾರ್ಖಾನೆ ಮುಚ್ಚಿದರೆ ಆರು ತಿಂಗಳವರೆಗೆ ಕೆಲಸಗಾರರ ನೌಕರಿಯೂ ಸಂಬಳವೂ ಉಳಿಯಬೇಕು. ದುರಸ್ತಿಗೆ ಹಣ ಹೊಂದುವಂತೆ ವ್ಯಾಪಾರದ ಷರತ್ತುಗಳಿರಬೇಕು. ಮೊದಲ ಎರಡು ವರ್ಷ ಬಾಂಗ್ಲಾದೇಶದಿಂದ ಖರೀದಿ ಇಳಿಸಬಾರದು. ತಕರಾರು ಬಂದರೆ ಕೋರ್ಟಿನಲ್ಲಿ ಜಾರಿಮಾಡಬಹುದಾದ ಪಂಚಾಯ್ತಿ (ಮಧ್ಯಸ್ಥಿಕೆ) ತೀರ್ಪು. ಎರಡು ಪ್ರಕರಣ ಹೇಗ್‌ನ ಕಾಯಂ ಪಂಚಾಯ್ತಿ ನ್ಯಾಯಾಲಯದವರೆಗೆ ಹೋಗಿ ರಾಜಿಯಲ್ಲಿ ಮುಗಿದವು. ಖರೀದಿ ಇಳಿಸಬಾರದೆಂಬ ಕಲಮನ್ನು ಗಮನಿಸಿ. ಅದಿಲ್ಲದಿದ್ದರೆ ಸುರಕ್ಷತೆಯ ಖರ್ಚು ಬಿದ್ದೊಡನೆ ಆರ್ಡರ್ ಇನ್ನೊಂದು ದೇಶಕ್ಕೆ ಹಾರುತ್ತಿತ್ತು, ಕೆಲಸಗಾರ್ತಿಗೆ ಗಟ್ಟಿ ಕಟ್ಟಡ ಸಿಕ್ಕಿ ಕೆಲಸವೇ ಹೋಗುತ್ತಿತ್ತು.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡಕ್ಕೆ ಕೊಟ್ಟ ಉತ್ತರ ಇಲ್ಲಿ ಸೇರಿಸಿದ್ದೇವೆ.

ಸಭಿಕರೊಬ್ಬರು: "ಸಾಮಾನ್ಯ ಓದುಗ ಇಂಥ ಒಪ್ಪಂದವನ್ನು ಓದಲು ಎಲ್ಲಿಂದ ಶುರು ಮಾಡಬೇಕು, ಸರ್?"

ಪೀಠಿಕೆ ಬಿಟ್ಟುಬಿಡಿ. ಮೊದಲು ವ್ಯಾಖ್ಯೆಗಳು, ಆಮೇಲೆ ನೇರ ಅನುಬಂಧಕ್ಕೆ ಹೋಗಿ. ಅಳೆಯುವ ಜಾಗ ಯಾವುದು, ಯಾವ ನಾಣ್ಯದಲ್ಲಿ, ಎಷ್ಟು ದಿನದೊಳಗೆ ಪಾವತಿ ಎಂದು ಗುರುತು ಹಾಕಿಕೊಳ್ಳಿ. "ಪ್ರಯತ್ನಿಸತಕ್ಕದ್ದು", "ಸಾಧ್ಯವಾದಷ್ಟು" ಎಂಬ ಪದಗಳಿರುವ ಕಲಮುಗಳನ್ನು ಹೊಡೆದುಹಾಕಿ ಉಳಿದದ್ದನ್ನು ಓದಿ. ಆಸಿಯಾನ್‌ನ 2002ರ ಹೊಗೆಮಾಲಿನ್ಯ ಒಪ್ಪಂದವನ್ನು ಹಾಗೆ ಓದಿದರೆ ದಂಡದ ಕಲಮೇ ಇಲ್ಲವೆಂದು ತಿಳಿಯುತ್ತದೆ. ಅತಿ ಹೆಚ್ಚು ಬೆಂಕಿ ಬೀಳುವ ಇಂಡೋನೇಷ್ಯಾ ಅದನ್ನು ಅನುಮೋದಿಸಿದ್ದು 2014ರಲ್ಲಿ. ಮರುವರ್ಷವೇ ಭೀಕರ ಹೊಗೆ ಕವಿಯಿತು. ಅದಕ್ಕಿಂತ ಕೆಲಸಕ್ಕೆ ಬರುವ ಸಾಲು ಇಂಡೋನೇಷ್ಯಾದ್ದೇ ಒಂದು ಒಳನಿಯಮದಲ್ಲಿದೆ: ಕೊಳೆತ ಸಸ್ಯ ತುಂಬಿದ, ಒಣಗಿದರೆ ಹೊತ್ತಿಕೊಳ್ಳುವ ಜೌಗು ನೆಲದಲ್ಲಿ (ಪೀಟ್) ನೀರಿನ ಮಟ್ಟ ನೆಲದಿಂದ 40 ಸೆಂಟಿಮೀಟರಿಗಿಂತ ಕೆಳಗಿಳಿಯಬಾರದು. ಅದನ್ನು ಕೊಳವೆ ಇಳಿಸಿ ಯಾರು ಬೇಕಾದರೂ ಅಳೆಯಬಹುದು. ಅಳೆಯಬಹುದಾದ್ದನ್ನು ಮಾತ್ರ ಜಾರಿಮಾಡಬಹುದು.

ಇನ್ನೊಬ್ಬರು: "ತೊಕ್ತೊಗುಲ್ ಸಮಸ್ಯೆಗೆ ಪರಿಹಾರವೇ ಇಲ್ಲವೇ?"

ಇದೆ, ಅರ್ಧ ದಾರಿಯಲ್ಲಿದೆ. 2016ರ ನಂತರ ಉಜ್ಬೇಕಿಸ್ತಾನದ ಧೋರಣೆ ಮೆತ್ತಗಾಯಿತು. ತೊಕ್ತೊಗುಲ್‌ಗಿಂತ ಮೇಲೆ 1,860 ಮೆಗಾವ್ಯಾಟಿನ ಕಂಬರಾತಾ–1 ಅಣೆಕಟ್ಟನ್ನು ಈಗ ಮೂರೂ ದೇಶಗಳು ಸೇರಿ ಕಟ್ಟುವ ಒಪ್ಪಂದವಾಗಿದೆ. ಕಿರ್ಗಿಸ್ತಾನಕ್ಕೆ ಶೇ 34, ಉಳಿದ ಇಬ್ಬರಿಗೆ ತಲಾ 33. ತಂತ್ರ ಇಷ್ಟೆ: ಚಳಿಗಾಲದಲ್ಲಿ ಮೇಲಿನ ಅಣೆಕಟ್ಟು ನೀರು ಬಿಟ್ಟು ವಿದ್ಯುತ್ ಮಾಡುತ್ತದೆ, ಆ ನೀರನ್ನು ಕೆಳಗಿನ ತೊಕ್ತೊಗುಲ್ ಹಿಡಿದಿಟ್ಟು ಬೇಸಿಗೆಯಲ್ಲಿ ಹೊಲಗಳಿಗೆ ಬಿಡುತ್ತದೆ. ಒಂದೇ ನೀರು ಎರಡು ಋತುವಿನ ಕೆಲಸ ಮಾಡುತ್ತದೆ. ಪಾಲುದಾರಿಕೆ ಇರುವುದರಿಂದ ವಿದ್ಯುತ್ ಮಾರಾಟದ ಲಾಭ ಕೆಳದಂಡೆಗೂ ಹೋಗುತ್ತದೆ, ಬರೀ ನೀರಿಗಾಗಿ ಜಗಳಾಡುವ ಕಾರಣ ಕಡಿಮೆಯಾಗುತ್ತದೆ. ಆದರೆ ಹೊಸ ಜಲಾಶಯದ ಗಾತ್ರ ಸುಮಾರು 540 ಕೋಟಿ ಘನ ಮೀಟರ್. ಅದನ್ನು ಮೊದಲ ಸಲ ತುಂಬಿಸಲು ತೆಗೆದುಕೊಳ್ಳುವ ವರ್ಷಗಳಲ್ಲಿ ಅಷ್ಟು ನೀರು ಕೆಳಗೆ ಬರುವುದಿಲ್ಲ. ನಡುವೆ ಬರ ಬಿದ್ದರೆ ತುಂಬಿಸುವುದನ್ನು ನಿಲ್ಲಿಸಬೇಕೇ, ಎಷ್ಟು ಒಳಹರಿವಿಗೆ ನಿಲ್ಲಿಸಬೇಕು, ತಡವಾದ ವಿದ್ಯುತ್ತಿನ ಆದಾಯವನ್ನು ಯಾರು ತುಂಬಿಕೊಡಬೇಕು? ಸಾಲ ಕೊಡುವ ಬ್ಯಾಂಕುಗಳು ಕೇಳುವ ಮೊದಲು ಈ ಮೂರನ್ನು ಆ ಮೂರು ದೇಶಗಳೇ ಬರೆದುಕೊಳ್ಳಬೇಕು.